ಎರಡಿಂಚು ನೀರು, ಎರಡು ರೂಪಾಯಿ ಬಡ್ಡಿ: ಚಳ್ಳಕೆರೆ ಸೀಮೆಗೆ ವರ್ಗವಾದವರಿಗೆ

ಚಳ್ಳಕೆರೆಗೆ ಹೊಸಬರು ಬರುವುದು ಈಗ ಹೆಚ್ಚಾಗಿದೆ. ಕುದಾಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸು ಬಂತು. ವರವು ಕಾವಲಿನಲ್ಲಿ ಡಿಆರ್‌ಡಿಒ ವಿಮಾನ ಪರೀಕ್ಷಾ ನೆಲೆ ಬಂತು. ಉಳ್ಳಾರ್ತಿ ಕಾವಲಿಗೆ ಅಣು ಸಂಶೋಧನೆಯವರು ಬಂದರು. ಇವರ ಜೊತೆಗೆ ಎಂದಿನಂತೆ ಮೇಷ್ಟ್ರು, ಪಿಡಿಒ, ನರ್ಸು, ಬ್ಯಾಂಕಿನವರು. ವಿಜ್ಞಾನಿಗಳಿಗೆ ಇಂಗ್ಲಿಷ್‌ನಲ್ಲೇ ದಿನ ಕಳೆಯುತ್ತದೆ. ಉಳಿದ ನಮಗೆ ಹಾಗಾಗುವುದಿಲ್ಲ.

ನಾನು ಕರಾವಳಿಯವನು. ಕೃಷಿ ಸಾಲದ ಅಧಿಕಾರಿಯಾಗಿ ಮೊದಲು ಚಳ್ಳಕೆರೆಯಲ್ಲಿ, ಆಮೇಲೆ ಮೊಳಕಾಲ್ಮೂರಿನಲ್ಲಿ ಕೆಲಸ ಮಾಡಿದೆ. ನನ್ನದು ಪುಸ್ತಕದ ಕನ್ನಡ. ಮಂಗಳೂರಿನಲ್ಲಿ ಅದಕ್ಕೆ ಯಾರೂ ನಗುವುದಿಲ್ಲ, ಇಲ್ಲಿ ಮಾತ್ರ ‘ನೀವು ಪೇಪರ್ ಓದಿದಂಗೆ ಮಾತಾಡ್ತೀರ ಸಾ’ ಎಂದು ಮುಖದ ಮೇಲೇ ಹೇಳಿದರು. ಈಗ ಈ ಕಡೆಗೆ ವರ್ಗವಾಗುವ ಹುಡುಗರು ಫೋನ್ ಮಾಡಿ, ‘ಸರ್, ಅಲ್ಲಿನ ಭಾಷೆ ಕಷ್ಟ ಅಂತಾರೆ, ಒಂದು ಪದಗಳ ಪಟ್ಟಿ ಕೊಡಿ’ ಎನ್ನುತ್ತಾರೆ. ಪಟ್ಟಿ ಕೊಟ್ಟರೆ ಪ್ರಯೋಜನವಿಲ್ಲ. ಇಲ್ಲಿನ ಮಾತು ಕಸುಬಿಗೆ ಅಂಟಿಕೊಂಡಿದೆ. ಕಸುಬು ಗೊತ್ತಿಲ್ಲದೆ ಪದ ಗೊತ್ತಾದರೆ ತಿಳಿಯದೇ ಇದ್ದದ್ದಕ್ಕಿಂತ ಕಷ್ಟ. ಅವರಿಗೆ ನಾನು ಹೇಳುವ ಮಾತುಗಳು ಇವು.

1. ಮೊದಲ ವಾರ ಎಪಿಎಂಸಿ ಯಾರ್ಡಿನಲ್ಲಿ ಕಳೆಯಿರಿ

ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಶೇಂಗಾದಿಂದ ಬಂದದ್ದು. ಒಂದು ಕಾಲದಲ್ಲಿ ಖಾದ್ಯ ತೈಲಕ್ಕೆ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಎಂದು ಊರಿನವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಮಿಲ್ಲುಗಳ ವೈಭವ ಹಳೆಯದಾದರೂ ಮಾತಿನಲ್ಲಿ ಅದು ಉಳಿದಿದೆ. ‘ಎಣ್ಣೆ’ ಎಂದರೆ ಬೆಂಗಳೂರಿನ ಹುಡುಗರಿಗೆ ಸಿನಿಮಾ ಹಾಡಿನ ಎಣ್ಣೆ. ಇಲ್ಲಿ ಒಬ್ಬರು ‘ನಮ್ದು ಮೂರು ತಲೆಮಾರಿಂದ ಎಣ್ಣೆ ಯವಾರ’ ಎಂದರೆ ನಗಬೇಡಿ, ಅವರ ಅಜ್ಜ ಗಾಣ ಇಟ್ಟುಕೊಂಡಿದ್ದವರು.

ಯಾರ್ಡಿನಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು. ಹಮಾಲಿ, ದಲಾಲಿ, ಟೆಂಡರು, ಚೀಟಿ, ಕಾಯಿ, ಬೀಜ, ಹಿಂಡಿ ಎಲ್ಲವೂ ಕಣ್ಣೆದುರೇ ಇರುತ್ತವೆ. ದಲಾಲಿ ಅಂಗಡಿಯವನು ಹಿಡಿ ಕಾಯಿ ತೆಗೆದು ಸುಲಿದು, ಬೀಜವನ್ನು ಅಂಗೈಯಲ್ಲಿ ಉಜ್ಜಿ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಆಗ ಅವನ ಬಾಯಲ್ಲಿ ಬರುವ ‘ಜೊಳ್ಳು’, ‘ಹಸಿ’, ‘ಗಟ್ಟಿ’ ಎಂಬ ಒಂದೊಂದು ಶಬ್ದಕ್ಕೂ ಕ್ವಿಂಟಲಿಗೆ ಇಷ್ಟು ಎಂಬ ಬೆಲೆ ಇದೆ. ಎದುರಿಗೆ ನಿಂತ ರೈತನ ಮುಖ ನೋಡಿದರೆ ಯಾವ ಶಬ್ದ ಎಷ್ಟು ತೂಗುತ್ತದೆ ಎಂಬುದು ತಿಳಿಯುತ್ತದೆ. ನಿಘಂಟಿನಲ್ಲಿ ಇದು ಸಿಗುವುದಿಲ್ಲ.

2. ಬಡ್ಡಿಯನ್ನು ರೂಪಾಯಿಯಲ್ಲಿ ಹೇಳಿ, ಪರ್ಸೆಂಟಿನಲ್ಲಿ ಬೇಡ

ಬ್ಯಾಂಕಿಗೆ ಬಂದವರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಪಾಠ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಕೌಂಟರಿನಲ್ಲಿ ‘ಬೆಳೆ ಸಾಲಕ್ಕೆ ಏಳು ಪರ್ಸೆಂಟು’ ಎನ್ನುತ್ತೀರಿ. ಎದುರಿಗಿರುವ ಯಜಮಾನರು ತಲೆಯಾಡಿಸುತ್ತಾರೆ, ‘ನೋಡಾನ ಸಾ’ ಎಂದು ಎದ್ದು ಹೋಗುತ್ತಾರೆ. ಅದೇ ಸಂಜೆ ಊರಿನಲ್ಲಿ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತಾರೆ. ನಿಮಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ನಿಮ್ಮ ಏಳು ಎಂಬುದು ವರ್ಷದ್ದು ಎಂದು ನೀವು ಹೇಳಲಿಲ್ಲ. ಬ್ಯಾಂಕಿನವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನಿಸುವುದಿಲ್ಲ. ಎರಡು ದೊಡ್ಡದೋ ಏಳು ದೊಡ್ಡದೋ? ಮೇಲ್ನೋಟಕ್ಕೆ ಬ್ಯಾಂಕಿನದೇ ದುಬಾರಿ.

ಹಾಗಾಗಿ ತಿರುಗಿಸಿ ಹೇಳಿ. ವರ್ಷಕ್ಕೆ ಏಳು ಎಂದರೆ ತಿಂಗಳಿಗೆ ನೂರಕ್ಕೆ ಸುಮಾರು 58 ಪೈಸೆ. ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಕೇಂದ್ರ ಸರ್ಕಾರದ ಮೂರು ಪರ್ಸೆಂಟ್ ರಿಯಾಯಿತಿ ಸೇರಿ ನಾಲ್ಕಕ್ಕೆ ಇಳಿದರೆ 33 ಪೈಸೆ. ಎರಡು ರೂಪಾಯಿ ಬಡ್ಡಿ ವರ್ಷಕ್ಕೆ 24 ಪರ್ಸೆಂಟು, ಮೂರು ರೂಪಾಯಿಯದು 36. ಐವತ್ತು ಸಾವಿರಕ್ಕೆ ಊರಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿ, ನಮ್ಮಲ್ಲಿ ಮುನ್ನೂರರ ಒಳಗೆ. ಹೀಗೆ ಹೇಳಿದ ದಿನ ಒಬ್ಬ ಯಜಮಾನರು ಚೀಲದಿಂದ ಪಹಣಿ ತೆಗೆದು ಮೇಜಿನ ಮೇಲಿಟ್ಟು, ‘ಇದನ್ನ ಮೊದ್ಲೇ ಹೇಳಬೇಕಿತ್ತಪ್ಪ’ ಎಂದರು. ಸರಿಯಾದ ಮಾತು.

ಇನ್ನೂ ಕೆಲವು ಮಾತುಗಳಿವೆ. ‘ಮೀಟರ್ ಬಡ್ಡಿ’ ಎಂದರೆ ದಿನ ತಪ್ಪಿದಂತೆಲ್ಲ ಆಟೋ ಮೀಟರಿನ ಹಾಗೆ ಏರುವ ಬಡ್ಡಿ. ಆ ಮಾತು ಕಿವಿಗೆ ಬಿದ್ದರೆ ಮನೆಯವರು ಕಷ್ಟದಲ್ಲಿದ್ದಾರೆ ಎಂದು ತಿಳಿಯಿರಿ. ‘ಹಳೇದು ಹೊಸದು ಮಾಡೋದು’ ಎಂದರೆ ಸಾಲ ಕಟ್ಟಿ ಅದೇ ದಿನ ಮತ್ತೆ ಪಡೆಯುವುದು. ಕಟ್ಟುವ ಒಂದು ದಿನಕ್ಕೆ ಬೇಕಾದ ಹಣವನ್ನು ಎಲ್ಲಿಂದ ತಂದರು ಎಂದು ಕೇಳಿದರೆ ನಿಮಗೆ ಮತ್ತೆ ರೂಪಾಯಿ ಬಡ್ಡಿಯ ಪಾಠ ಶುರುವಾಗುತ್ತದೆ.

3. ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಎಚ್ಚರ

ಹೊಸಬರಿಗೆ ಕನ್ನಡ ಪದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇಂಗ್ಲಿಷ್ ಪದ. ಗೊತ್ತಿಲ್ಲದ ಕನ್ನಡ ಪದವಾದರೆ ‘ಹಾಗಂದ್ರೆ?’ ಎಂದು ಕೇಳುತ್ತೀರಿ. ಇಂಗ್ಲಿಷ್ ಪದ ಕೇಳಿದಾಗ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೀರಿ.

‘ಟಿಸಿ ಸುಟ್ಟೋಗೈತೆ ಸಾ, ಕಂತು ಕಟ್ಟಾಕಾಗಲ್ಲ.’ ಶಾಲೆಯಿಂದ ಬಂದವರಿಗೆ ಟಿಸಿ ಎಂದರೆ ವರ್ಗಾವಣೆ ಪತ್ರ, ರೈಲಿನಲ್ಲಿ ಬಂದವರಿಗೆ ಟಿಕೆಟ್ ನೋಡುವವನು. ಹೊಲದಲ್ಲಿ ಟಿಸಿ ಎಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು. ಅದು ಸುಟ್ಟರೆ ಬೆಸ್ಕಾಂನವರು ಹೊಸದು ತಂದಿಡುವವರೆಗೆ ಆ ಸಾಲಿನ ಪಂಪುಗಳೆಲ್ಲ ನಿಲ್ಲುತ್ತವೆ. ಈರುಳ್ಳಿ ಒಣಗುತ್ತದೆ. ಅದು ನೆಪವಲ್ಲ, ಕಾರಣ.

ಬೋರಿನ ಭಾಷೆ ಬೇರೆಯೇ ಒಂದು ಶಾಖೆ. ‘ಪಾಯಿಂಟ್ ನೋಡೋದು’ ಎಂದರೆ ನೀರಿನ ಜಾಗ ಗುರುತಿಸುವುದು. ತೆಂಗಿನಕಾಯಿ ಹಿಡಿದು ನೋಡುವವರು, ಕಡ್ಡಿ ಹಿಡಿದು ನೋಡುವವರು, ಮಿಷಿನ್ನಿನಲ್ಲಿ ನೋಡುವವರು ಇದ್ದಾರೆ. ಲಾರಿ ಬಂದು ಕೊರೆಯಲು ಶುರುಮಾಡಿದ ಮೇಲೆ ‘ಕೇಸಿಂಗು’ ಎಷ್ಟು ಅಡಿ ಇಳಿಯಿತು ಎಂಬ ಮಾತು. ಮೇಲಿನ ಸಡಿಲ ಮಣ್ಣು ಕುಸಿಯದ ಹಾಗೆ ಹಾಕುವ ಪೈಪು ಅದು, ಅದರ ದುಡ್ಡು ಬೇರೆ. ‘ಗ್ಯಾಪು ಸಿಕ್ತು’ ಎಂದರೆ ಕಲ್ಲಿನ ನಡುವೆ ಬಿರುಕು ಸಿಕ್ಕಿತು, ನೀರಿನ ಆಸೆ ಹುಟ್ಟಿತು ಎಂದು. ‘ಬರೀ ದೂಳು’ ಎಂದರೆ ಮುಗಿಯಿತು. ನೀರು ಬಿದ್ದರೆ ‘ಒಂದಿಂಚು’, ‘ಎರಡಿಂಚು’ ಎನ್ನುತ್ತಾರೆ. ಅದು ಪೈಪಿನ ಅಗಲವಲ್ಲ, ಹೊರಗೆ ಹರಿಯುವ ನೀರಿನ ಅಳತೆ. ಹೊಸ ಅಧಿಕಾರಿಗಳು ವರದಿಯಲ್ಲಿ ‘ಎರಡು ಇಂಚು ವ್ಯಾಸದ ಕೊಳವೆ ಬಾವಿ’ ಎಂದು ಬರೆದದ್ದನ್ನು ನಾನು ಕಡತಗಳಲ್ಲಿ ಕಂಡಿದ್ದೇನೆ. ಎರಡು ಇಂಚಿನ ತೂತಿಗೆ ಮೋಟರು ಇಳಿಯುವುದಾದರೂ ಹೇಗೆ?

ಬ್ಯಾಂಕಿನೊಳಗೂ ಹೀಗೆಯೇ. ‘ನೋಡ್ಯೂ ಕೊಡಿ ಸಾ’ ಎಂದವರು ಏನನ್ನೂ ನೋಡಲು ಕೇಳುತ್ತಿಲ್ಲ. ಬಾಕಿ ಇಲ್ಲ ಎಂಬ ಪತ್ರ, ಅಂದರೆ ನೋ ಡ್ಯೂ, ಅವರಿಗೆ ಬೇಕು. ‘ಸೂರ್ಟಿ’ ಜಾಮೀನುದಾರ. ‘ಪಾರ್ಟಿ’ ಎಂದರೆ ವ್ಯಾಪಾರದ ಗಿರಾಕಿ, ಊಟದ ಪಾರ್ಟಿಯೂ ಅಲ್ಲ, ರಾಜಕೀಯದ್ದೂ ಅಲ್ಲ. ಚುನಾವಣೆ ಹತ್ತಿರವಿದ್ದಾಗ ಮಾತ್ರ ಯಾವ ಪಾರ್ಟಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

4. ತಾರೀಖಿನ ಜೊತೆಗೆ ಮಳೆಯ ಹೆಸರು ಕಲಿಯಿರಿ

ನಮ್ಮ ದಕ್ಷಿಣ ಕನ್ನಡದಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಇಲ್ಲಿ ಎರಡು ವರ್ಷಕ್ಕೆ ಬಿದ್ದರೆ ಪುಣ್ಯ. ಮಳೆ ಕಡಿಮೆಯಾದಷ್ಟೂ ಅದರ ಮಾತು ಹೆಚ್ಚು. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬ, ಉತ್ತರೆ, ಹಸ್ತ, ಚಿತ್ತ, ಸ್ವಾತಿ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಜೂನ್ 22ರ ಆಸುಪಾಸಿಗೆ ಹುಟ್ಟುತ್ತದೆ, ಪುನರ್ವಸು ಜುಲೈ ಮೊದಲ ವಾರದಲ್ಲಿ. ‘ಪುನರ್ವಸುಗೆ ಬಿತ್ತಿದ್ದು’ ಎಂದರೆ ನೀವು ಮನಸ್ಸಿನಲ್ಲೇ ಲೆಕ್ಕ ಹಾಕಿ ಶೇಂಗಾ ಕೀಳುವುದು ಯಾವಾಗ ಎಂದು ತಿಳಿದುಕೊಳ್ಳಬೇಕು.

‘ಮಳೆ ಬಂತು’ ಮತ್ತು ‘ಹದವಾಯ್ತು’ ಒಂದೇ ಅಲ್ಲ. ರಸ್ತೆ ತೊಯ್ದರೆ ಮಳೆ ಬಂದ ಹಾಗೆ. ಬಿತ್ತುವಷ್ಟು ಹಸಿ ನೆಲದೊಳಗೆ ಇಳಿದರೆ ಮಾತ್ರ ಹದ. ಮಳೆಮಾಪಕದ ಅಂಕಿ ನೋಡಿ ‘ನಿಮ್ಮ ಹೋಬಳಿಯಲ್ಲಿ ಮಳೆ ಆಗಿದೆಯಲ್ಲ’ ಎಂದು ವಾದಿಸುವ ಅಧಿಕಾರಿಗೆ ರೈತ ಉತ್ತರ ಕೊಡುವುದಿಲ್ಲ, ಸುಮ್ಮನೆ ನಗುತ್ತಾನೆ. ಬೆಳೆ ವಿಮೆಯ ಕಂತು ತುಂಬಲು ಕೊನೆಯ ದಿನ ಸಾಮಾನ್ಯವಾಗಿ ಜುಲೈ ಕೊನೆಗೆ ಬೀಳುತ್ತದೆ. ಹದ ಆಗದೆ ಬಿತ್ತನೆ ಆಗದವರು ಏನು ತುಂಬಬೇಕು ಎಂಬುದು ಪ್ರತಿ ವರ್ಷದ ರಾಮಾಯಣ.

5. ಹೆಸರು ಒಂದೇ, ಮನುಷ್ಯರು ಬೇರೆ

ಬೋರಯ್ಯ, ಓಬಯ್ಯ, ಪಾಲಯ್ಯ, ತಿಪ್ಪೇಸ್ವಾಮಿ, ಮಾರಣ್ಣ. ಒಂದು ಹಳ್ಳಿಯ ಪುಸ್ತಕ ತೆರೆದರೆ ‘ಬೋರಯ್ಯ ಬಿನ್ ಓಬಯ್ಯ’ ಒಬ್ಬರಲ್ಲ, ಹಲವರು. ಕಾಗದದಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಉರುಫ್’ ಎಂದರೆ ಇನ್ನೊಂದು ಹೆಸರು. ಹೊರರಾಜ್ಯದಿಂದ ಬಂದ ಗೆಳೆಯರೊಬ್ಬರು ಇಡೀ ತಾಲ್ಲೂಕಿನಲ್ಲಿ ಎಲ್ಲರಿಗೂ ‘ಬಿನ್’ ಎಂಬ ನಡುಹೆಸರಿದೆ ಎಂದುಕೊಂಡಿದ್ದರು.

ಊರಿನಲ್ಲಿ ಗುರುತು ಹಿಡಿಯುವ ಬಗೆ ಬೇರೆ. ದೊಡ್ಡ ಬೋರಯ್ಯ, ಸಣ್ಣ ಬೋರಯ್ಯ, ನಡುವಲ ಬೋರಯ್ಯ, ಮೇಷ್ಟ್ರು ಬೋರಯ್ಯ, ಕೆರೆ ಹಿಂದಿನ ಬೋರಯ್ಯ. ಸಣ್ಣ ಬೋರಯ್ಯನಿಗೆ ಎಂಬತ್ತು ವರ್ಷವಾಗಿರಬಹುದು. ಅವನ ಅಣ್ಣ ಎಂದೋ ತೀರಿಕೊಂಡರೂ ಇವನು ಸಣ್ಣವನೇ. ನಿಮ್ಮ ಡೈರಿಯಲ್ಲಿ ಖಾತೆ ನಂಬರಿನ ಎದುರು ಈ ಹೆಸರನ್ನೂ ಬರೆದಿಟ್ಟುಕೊಳ್ಳಿ. ನೋಟಿಸು ಬೇರೆಯವರ ಬಾಗಿಲಿಗೆ ಹೋಗುವುದು ತಪ್ಪುತ್ತದೆ.

6. ‘ಬಾ ಸಾ, ಕುಂತ್ಕ’

ಏಕವಚನ ಕೇಳಿ ಮುಖ ಕೆಂಪಗಾಗಬಾರದು. ಹಳ್ಳಿಯ ಹಿರಿಯರು ‘ಬಾ ಸಾ, ಕುಂತ್ಕ, ಕಾಪಿ ಕುಡಿ’ ಎಂದರೆ ಅದರಲ್ಲಿ ಗೌರವವೆಲ್ಲ ‘ಸಾ’ದಲ್ಲಿ ಇದೆ, ಪ್ರೀತಿಯೆಲ್ಲ ‘ಬಾ’ದಲ್ಲಿ. ನೀವು ಮಾತ್ರ ಅವರಿಗೆ ಏಕವಚನ ಬಳಸಬೇಡಿ. ‘ಯಜಮಾನ್ರೆ’ ಎನ್ನಿ, ವಯಸ್ಸಾದವರಿಗೆ ‘ಅಜ್ಜ’ ಎನ್ನಿ, ಹೆಂಗಸರಿಗೆ ‘ಅಕ್ಕ’, ‘ಅವ್ವ’. ಜಾತಿ ಊಹಿಸಿ ಗೌಡ್ರೆ, ನಾಯಕ್ರೆ ಎಂದು ಕರೆಯುವ ಸಾಹಸ ಬೇಡ. ಊರಿನವರಿಗೆ ಯಾರು ಏನು ಎಂಬುದು ಗೊತ್ತು, ನಿಮಗೆ ಗೊತ್ತಿಲ್ಲ.

7. ‘ಇಲ್ಲ’ ಎಂಬುದನ್ನು ಇಲ್ಲಿ ಯಾರೂ ಹೇಳುವುದಿಲ್ಲ

‘ನೋಡಾನ ಬಿಡಿ ಸಾ’ ಎಂದರೆ ಇಲ್ಲ. ‘ಕೊಡಾನ’ ಎಂದರೆ ಇಂದು ಇಲ್ಲ. ‘ಅಮಾಸೆ ಕಳೀಲಿ’ ಎಂದರೆ ಸ್ವಲ್ಪ ಭರವಸೆ ಇದೆ. ‘ಪರಿಸೆ ಕಳೀಲಿ’ ಎಂದರೆ ಯಾವ ಪರಿಸೆ ಎಂದು ಕೇಳಿ. ಗೌರಸಮುದ್ರದ ಮಾರಮ್ಮನ ಪರಿಸೆ ಭಾದ್ರಪದದಲ್ಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ಫಾಲ್ಗುಣದಲ್ಲಿ. ಊರವರ ಬಾಯಲ್ಲಿ ಅದು ‘ನಾಯ್ಕನಟ್ಟಿ ಜಾತ್ರೆ’. ಆ ತೇರು ಬಹುಮಟ್ಟಿಗೆ ಮಾರ್ಚಿನಲ್ಲೇ ಬೀಳುತ್ತದೆ, ಬ್ಯಾಂಕಿನ ವರ್ಷಾಂತ್ಯವೂ ಮಾರ್ಚಿನಲ್ಲೇ. ತೇರಿನ ವಾರ ವಸೂಲಿಗೆ ಹೋದರೆ ಊರಿನಲ್ಲಿ ನಾಯಿ ಮಾತ್ರ ಸಿಗುತ್ತದೆ. ಮುಂಚೆಯೇ ಹೋಗಿ. ತೇರು ಮುಗಿದ ಮೇಲೆ ಎಲ್ಲರ ಕೈಯೂ ಖಾಲಿ.

8. ಮನೆಯೊಳಗಿನ ಭಾಷೆ ಬೇರೆ

ಮೊಳಕಾಲ್ಮೂರಿಗೆ ವರ್ಗವಾದಾಗ ಇದು ಚೆನ್ನಾಗಿ ಅರ್ಥವಾಯಿತು. ನಕ್ಷೆ ತೆಗೆದು ನೋಡಿ, ಆ ತಾಲ್ಲೂಕನ್ನು ಆಂಧ್ರ ಸುತ್ತಿಕೊಂಡ ಹಾಗಿದೆ. ರಾಯದುರ್ಗ ಪಕ್ಕದ ಊರು. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಕೆಯಾದಾಗ ಅದು ಆಂಧ್ರಕ್ಕೆ ಸೇರಿತು. ಸಂಬಂಧ, ಸಂತೆ, ಆಸ್ಪತ್ರೆ ಯಾವುದೂ ಆ ಹಂಚಿಕೆಯನ್ನು ಒಪ್ಪಿಕೊಂಡಿಲ್ಲ. ಮ್ಯಾಸ ನಾಯಕ ಸಮುದಾಯದ ಬಹಳ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಮುಸಲ್ಮಾನರಲ್ಲಿ ದಖನಿ. ಎಲ್ಲರಿಗೂ ಕನ್ನಡ ಬರುತ್ತದೆ, ಯಾರ ಕನ್ನಡವೂ ಇನ್ನೊಬ್ಬರದ್ದರ ಹಾಗಿಲ್ಲ.

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹೆಸರು ದೊಡ್ಡದು. ಆ ಸೀರೆ ಹುಟ್ಟುವ ಕೇರಿಗೆ ಮುದ್ರಾ ಸಾಲದ ತಪಾಸಣೆಗೆ ಹೋದಾಗ ಕಂಡದ್ದು ಹೇಳುತ್ತೇನೆ. ಕುಣಿಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಕಾರರು ಕುಳಿತಿದ್ದರು. ಲಾಳಿ ಅತ್ತಿತ್ತ ಹೋಗುತ್ತಿತ್ತು. ಕೈ ನಿಲ್ಲಿಸದೆ ನನಗೆ ಕನ್ನಡದಲ್ಲಿ ‘ಬರ್ರಿ ಸಾ, ಹುಷಾರು, ತಲೆಗೆ ಹಗ್ಗ ತಾಗ್ತದೆ’ ಎಂದರು. ಒಳಗಿದ್ದ ಮಗನಿಗೆ ‘ಒರೇ, ನೀಳ್ಳು ತೇರಾ’ ಎಂದು ತೆಲುಗಿನಲ್ಲಿ ಕೂಗಿದರು. ಅಷ್ಟರಲ್ಲಿ ಫೋನ್ ಬಂತು, ಜರಿ ಕಳಿಸುವವರದಿರಬೇಕು, ಹಿಂದಿಯಲ್ಲಿ ರೇಟು ಮಾತಾಡಿದರು. ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ, ಯಾವ ಭಾಷೆಯಲ್ಲೂ ಮಾತಾಡದೆ, ನನ್ನ ಕೈಯಲ್ಲಿದ್ದ ಕಡತವನ್ನೇ ನೋಡುತ್ತಿದ್ದರು.

ಆ ಕೇರಿಯಲ್ಲಿ ನೀವು ಕಲಿಯಲೇಬೇಕಾದ ಒಂದು ಮಾತು ‘ಹಾಸು ಮುಗಿದೈತೆ’. ಹಾಸು ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ಹೊಕ್ಕು ಎಂದರೆ ಅಡ್ಡಕ್ಕೆ ಲಾಳಿ ಒಯ್ಯುವ ಎಳೆ. ಒಂದು ಹಾಸಿನಲ್ಲಿ ಕೆಲವು ಸೀರೆ ಇಳಿಯುತ್ತವೆ. ಅದು ಮುಗಿದ ಮೇಲೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದಕ್ಕೆ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ರೇಷ್ಮೆ ಕೊಡುವ ಮಾಲೀಕರು ಹೊಸ ಹಾಸು ಕೊಡುವುದು ತಡವಾದರೆ ಅಷ್ಟು ದಿನ ಕೂಲಿ ಇಲ್ಲ. ಹಾಸು ಮುಗಿದ ಮನೆಗೆ ಕಂತು ಕೇಳಲು ಹೋಗುವುದು ಎಂದರೆ ಸಂಬಳ ಬಾರದ ತಿಂಗಳಲ್ಲಿ ನಿಮ್ಮನ್ನು ಯಾರೋ ಕೇಳಿದ ಹಾಗೆ. ‘ಮುಂಗಡ’ ಎಂಬ ಪದವನ್ನೂ ಹಗುರವಾಗಿ ಕೇಳಬೇಡಿ. ಮಾಲೀಕರಿಂದ ಮುಂಗಡ ಪಡೆದವರು ಅದು ತೀರುವ ತನಕ ಬೇರೆಯವರಿಗೆ ನೇಯುವುದು ಕಷ್ಟ. ಬ್ಯಾಂಕಿನ ಸಾಲದಲ್ಲಿ ಅವರು ಮೊದಲು ತೀರಿಸುವುದು ಆ ಮುಂಗಡವನ್ನೇ. ಫಾರಂನಲ್ಲಿ ಉದ್ದೇಶ ‘ಕಚ್ಚಾ ಸಾಮಗ್ರಿ’ ಎಂದಿರುತ್ತದೆ, ಇರಲಿ.

ಹೊರಗಿನಿಂದ ನೌಕರಿಗೆ ಬಂದವರು ತಮ್ಮ ಭಾಷೆ ತಂದು ಇಲ್ಲಿಟ್ಟದ್ದು ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಂದು ಭಾನುವಾರ ಹೋಗಿ ಬನ್ನಿ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ ಅಶೋಕನ ಶಾಸನ ಅಲ್ಲಿದೆ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇನ್ನೆರಡು. ಸುವರ್ಣಗಿರಿಯಿಂದ ಇಲ್ಲಿನ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆದೇಶ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಗೆ ಬರೆದವನು ಚಪಡ ಎಂದು ತನ್ನ ಹೆಸರು ಹಾಕಿ, ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಕಡೆಯ ಲಿಪಿ, ಈ ಸೀಮೆಯಲ್ಲಿ ಅದನ್ನು ಓದುವವರು ಇರಲಿಲ್ಲ. ಅಷ್ಟು ದೂರದಿಂದ ಬಂದವನೋ, ಬರುತ್ತದೆ ಎಂದು ತೋರಿಸಿಕೊಂಡವನೋ. ನನಗಂತೂ ನಮ್ಮ ಶಾಖೆಯ ಗೋಡೆಗೆ ಇಂಗ್ಲಿಷ್‌ನಲ್ಲಿ ಅಂಟಿಸಿದ ಸುತ್ತೋಲೆಗಳು ನೆನಪಾದವು.

9. ಕಾಲಂನಲ್ಲಿ ಇಲ್ಲದ ಮಾತುಗಳಿವೆ

ಮ್ಯಾಸ ನಾಯಕರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳ ಹಿಂಡುಗಳಿವೆ. ಅವುಗಳನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ನೋಡಿಕೊಳ್ಳುವವನು ‘ಕಿಲಾರಿ’. ಜಾನುವಾರು ವಿಮೆಯ ಪಟ್ಟಿ ಹಿಡಿದು ಹೋಗಿದ್ದ ನಮ್ಮ ಹೊಸ ಹುಡುಗನೊಬ್ಬ, ‘ಇಷ್ಟೊಂದು ದನ ಯಾರವು?’ ಎಂದು ಕೇಳಿದ.

‘ದೇವ್ರುವು ಸಾ.’

‘ಸರಿ, ಮಾಲೀಕರ ಹೆಸರು?’

‘ಅದೇ, ದೇವ್ರು.’

‘ಹಾಗಾದ್ರೆ ನೀವು?’

‘ನಾನು ಕಿಲಾರಿ.’

ಹುಡುಗ ಫಾರಂ ನೋಡಿದ. ಮಾಲೀಕರ ಆಧಾರ್ ನಂಬರು ಕಡ್ಡಾಯ. ಕಿಲಾರಿ ಗಂಭೀರವಾಗಿ ಕಾಯುತ್ತಿದ್ದ, ನಾನು ಬೇರೆ ಕಡೆ ಮುಖ ತಿರುಗಿಸಿದೆ. ಬರ ಬಂದಾಗ ಈ ಹಿಂಡುಗಳ ಮೇವಿನ ಪ್ರಶ್ನೆ ಪ್ರತಿ ಸಲವೂ ದೊಡ್ಡದಾಗುತ್ತದೆ, ಅಧಿಕಾರಿಗಳಿಗೆ ‘ಇವು ಯಾರ ಹೆಸರಿನಲ್ಲಿವೆ’ ಎಂಬಲ್ಲೇ ತೊಡಕು. ‘ಕಾವಲು’ ಎಂಬುದೂ ಇಂಥದೇ. ನೀವು ಕಾವಲುಗಾರನನ್ನು ನೆನೆಯುತ್ತೀರಿ, ಅವರು ಅಮೃತಮಹಲ್ ದನಗಳ ಕಾಲದ ಹುಲ್ಲುಗಾವಲನ್ನು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಿಗೆ ಈಗ ಗೋಡೆ ಬಂದಿದೆ, ಗೇಟಿನಲ್ಲಿ ನಿಜವಾದ ಕಾವಲುಗಾರರೂ ಬಂದಿದ್ದಾರೆ. ಕುರಿ ಸಾಕುವವರ ಎದುರು ಈ ವಿಷಯ ಎತ್ತುವ ಮೊದಲು ಸ್ವಲ್ಪ ಯೋಚಿಸಿ. ಅವರಿಗೆ ಅದು ವಿಜ್ಞಾನ ನಗರವಲ್ಲ, ಮೇವಿನ ಮಾತು.

ಊಟದ ಮಾತಿಗೂ ಇದು ಅನ್ವಯ. ಮ್ಯಾಸ ನಾಯಕರಲ್ಲಿ ಹಳೆಯ ಕಟ್ಟುಪಾಡಿನವರು ಕೋಳಿ ಮುಟ್ಟುವುದಿಲ್ಲ. ‘ಏನ್ ಯಜಮಾನ್ರೆ, ಕೋಳಿ ಸಾರು ಯಾವಾಗ?’ ಎಂಬ ತಮಾಷೆ ಬೇರೆ ಊರಿಗೆ ಇಟ್ಟುಕೊಳ್ಳಿ.

10. ನಕಲು ಮಾಡಬೇಡಿ

ಬಂದ ಎರಡನೇ ತಿಂಗಳಿಗೇ ‘ಐತೆ’, ‘ಐದಾನೆ’, ‘ಬ್ಯಾಡ’, ‘ಮ್ಯಾಲೆ’ ಎಂದು ಶುರು ಮಾಡುವವರನ್ನು ನೋಡಿದ್ದೇನೆ. ಅವರಿಗದು ಬೆರೆಯುವ ಉಮೇದು, ಕೇಳುವವರಿಗೆ ಅಣಕ. ಅರ್ಥ ಮಾಡಿಕೊಳ್ಳಿ, ನಿಮ್ಮ ಮಾತಿನಲ್ಲೇ ಉತ್ತರಿಸಿ. ನಾನು ‘ಹೌದು ಮಾರಾಯ್ರೆ’ ಎನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ. ಮಂಡಿಯ ಹಮಾಲರು ನನಗೆ ‘ಮಾರಾಯ್ರು’ ಎಂದೇ ಹೆಸರಿಟ್ಟಿದ್ದರು, ಗಿರಾಕಿಗಳೂ ಹಾಗೇ ವಿಚಾರಿಸಿಕೊಂಡು ಬರುತ್ತಿದ್ದರು.

11. ಹೆಂಗಸರ ಮಾತು ಕೇಳಲು ಬೇರೆ ಹೊತ್ತು ಬೇಕು

ಸಾಲದ ಕಾಗದಕ್ಕೆ ಸಹಿ ಹಾಕುವಾಗ ಹೆಂಗಸರು ಮಾತಾಡುವುದಿಲ್ಲ. ಸ್ವಸಹಾಯ ಸಂಘದ ಸಭೆಗೆ ಹೋಗಿ ಕುಳಿತರೆ ಆ ಮನೆಯ ನಿಜವಾದ ಲೆಕ್ಕ ಯಾರ ಬಾಯಲ್ಲಿದೆ ಎಂದು ಗೊತ್ತಾಗುತ್ತದೆ. ಈ ಸೀಮೆಯ ಮಾತಿನ ಸಂಪತ್ತು ಎಷ್ಟೆಂದು ತಿಳಿಯಬೇಕಾದವರು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಬಗ್ಗೆ ಓದಬೇಕು. ಅಕ್ಷರ ಕಲಿಯದ ಆಕೆ ಸಾವಿರಾರು ಪದಗಳನ್ನು ನೆನಪಿನಿಂದ ಹಾಡುತ್ತಿದ್ದರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದ್ದಾರೆ. ಇದೇ ತಾಲ್ಲೂಕಿನ ತಳುಕಿನಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರಿಗೆ ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಎಲ್ಲ ಮೇಷ್ಟರಿಗೂ ಗೊತ್ತು. ಸಿರಿಯಜ್ಜಿಯ ಹೆಸರು ಹೇಳಿದರೆ ಅವರಲ್ಲೇ ಹಲವರು ‘ಯಾರವರು?’ ಎನ್ನುತ್ತಾರೆ. ಇದು ನನಗೆ ಈಗಲೂ ಸರಿ ಕಾಣದ ಸಂಗತಿ.

12. ಬರೆದದ್ದನ್ನು ಅವರ ಮಾತಿನಲ್ಲಿ ಓದಿ ಹೇಳಿ

ಸಾಲದ ಕರಾರು ಪತ್ರ ಕನ್ನಡದಲ್ಲೇ ಇರುತ್ತದೆ ಎಂದು ನಿಶ್ಚಿಂತರಾಗಬೇಡಿ. ‘ಅಡಮಾನ’, ‘ಸುಸ್ತಿ’, ‘ಮರುಪಾವತಿ ಅವಧಿ’ ಎಂಬ ಕನ್ನಡ ಕೌಂಟರಿನ ಆಚೆ ನಿಂತವರಿಗೆ ಪ್ರಾಕೃತದಷ್ಟೇ ದೂರ. ಸಹಿಗೋ ಹೆಬ್ಬೆಟ್ಟಿಗೋ ಮುಂಚೆ ನೀವೇ ಬಾಯಿಬಿಟ್ಟು ಹೇಳಿ: ಇಷ್ಟು ದುಡ್ಡು, ನೂರಕ್ಕೆ ತಿಂಗಳಿಗೆ ಇಷ್ಟು ಪೈಸೆ, ಈ ಹೊತ್ತಿಗೆ ಕಟ್ಟಬೇಕು, ತಪ್ಪಿದರೆ ರಿಯಾಯಿತಿ ಹೋಗುತ್ತದೆ. ಹೇಳುತ್ತ ಹೋದಂತೆ ಪ್ರಶ್ನೆಗಳು ಬರುತ್ತವೆ. ‘ಡಿಸೆಂಬರ್ ಅಂತ ಬ್ಯಾಡ ಸಾ, ಶೇಂಗಾ ಕಿತ್ತ ಮ್ಯಾಲೆ ಅಂತ ಬರ್ಕಳಿ’ ಎಂದು ಒಬ್ಬರು ಹಟ ಹಿಡಿದಿದ್ದರು. ಕಂಪ್ಯೂಟರು ಅದನ್ನು ಒಪ್ಪುವುದಿಲ್ಲ, ತಾರೀಖನ್ನೇ ಹಾಕಬೇಕು. ಹಾಕಿ. ಪಕ್ಕದಲ್ಲಿ ನಿಮ್ಮ ಡೈರಿಯಲ್ಲಿ ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ನೋಟಿಸು ಅಚ್ಚು ಹಾಕುವ ಮುಂಚೆ ಆ ವರ್ಷ ಆ ಹೊಲದಲ್ಲಿ ಶೇಂಗಾ ಕಿತ್ತರೋ ಇಲ್ಲವೋ ಎಂದು ಒಂದು ಫೋನ್ ಮಾಡಿ ವಿಚಾರಿಸಿ.